ಹೆಣ್ಮಗು ತಟ್ಟೆಗೂ ಎರಡು ತುಂಡು ಹಾಕ್ರಮ್ಮ

ಈಗ ಯಾರ ಮನೇಲಿ ಕೋಳಿ ಸಾರಿನ ಮಾತು ಬಂದ್ರೂ ಒಂದೇ ರಾಗ. "ಬಾಯ್ಲರ್ ಕೋಳಿ ಹೆಣ್ಮಕ್ಳಿಗೆ ಕೊಡಬ್ಯಾಡ್ರೇ, ಹಾರ್ಮೋನ್ ಇಂಜೆಕ್ಷನ್ ಚುಚ್ಚಿರ್ತಾರೆ, ಬೇಗ ಮೈನೆರೀತಾರೆ" ಅಂತ. ಹಿಂಗೆ ಹೆದರ್ಕೊಂಡು ಗಂಡುಮಕ್ಕಳ ತಟ್ಟೆಗೆ ತುಂಡು ಹಾಕಿ, ಹೆಣ್ಮಗೀಗೆ ಬರೀ ಸಾರು ಬಿಡೋ ಮನೆಗಳು ನಮ್ಮಲ್ಲೇ ಅವೆ. ನಂಗಿದು ಸುತರಾಂ ಒಪ್ಪಿಗೆ ಇಲ್ಲ. ನಮ್ಮದು ಕೋಳಿ ಶೆಡ್ಡು ಇರೋ ಮನೆ, ಚೀಲ ಬಿಚ್ಚಿ ಮೇವು ಸುರಿಯೋಳು ನಾನೇ. ಅದಕ್ಕೇ ಹೇಳ್ತಿದೀನಿ.

ಮೊದ್ಲು ಇಂಜೆಕ್ಷನ್ ವಿಚಾರ. ಒಂದು ಬ್ಯಾಚಿಗೆ 5000 ಮರಿ ಬರ್ತವೆ. ಮೊದಲ ವಾರ ಒಂದೊಂದನ್ನೂ ಹಿಡಿದು ಕಣ್ಣಿಗೆ ಕೊಕ್ಕರೆ ರೋಗದ ಲಸಿಕೆ ಒಂದು ತೊಟ್ಟು ಬಿಡೋ ಹೊತ್ಗೇ ಸೊಂಟ ಬಿದ್ದೋಗಿರ್ತೈತೆ. ಎರಡನೇ ವಾರದ ಲಸಿಕೆ ಕುಡಿಯೋ ನೀರಲ್ಲೇ ಆಗ್ತೈತೆ. ಇನ್ನು ದಿನಾ ಹಿಡಿದು ಚುಚ್ಚೋರ್ಯಾರು? ಮೇವಲ್ಲಿ ಬೆರೆಸ್ತಾರೆ ಅಂತೀರಾ? ಬೆಳವಣಿಗೆ ಹಾರ್ಮೋನು ಅನ್ನೋದೇ ಒಂದು ಪ್ರೋಟೀನು. ಬಾಯಿಂದ ಕೊಟ್ರೆ ಮೊಟ್ಟೆ ತಿಂದಂಗೆ ಹೊಟ್ಟೇಲಿ ಜೀರ್ಣ ಆಗೋಗ್ತೈತೆ, ಕೆಲಸಕ್ಕೆ ಬರಲ್ಲ.

ಹಂಗಾದ್ರೆ 40 ದಿನಕ್ಕೆ 2 ಕೆಜಿ ಹೆಂಗೆ ತೂಗ್ತೈತೆ? ತಳಿ ಕಣ್ರಮ್ಮ. ಬೇಗ ಬೆಳೆಯೋ ಹುಂಜ, ಬೇಗ ಬೆಳೆಯೋ ಹೇಟೆ ಆರಿಸಿ ಆರಿಸಿ ಎಷ್ಟೋ ತಲೆಮಾರು ಕೂಡಿಸಿದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದೋರು 1957ರ ತಳಿ, 2005ರ ತಳಿ ಎರಡಕ್ಕೂ ಒಂದೇ ಥರದ ಮೇವು ಹಾಕಿ ಸಾಕಿ ನೋಡಿದ್ರು. 56 ದಿನಕ್ಕೆ ಹಳೇದು 900 ಗ್ರಾಂ ಚಿಲ್ಲರೆ, ಹೊಸದು 4 ಕೆಜಿ ಮೇಲೆ. ಮೇವು ಒಂದೇ, ತಳಿ ಬೇರೆ.

ಆ ತಳಿಗೆ ತಕ್ಕ ಊಟಾನೂ ಬೇಕು. ಮೇವಲ್ಲಿ ಹೆಚ್ಚಿಗೆ ಇರೋದು ಮುಸುಕಿನ ಜೋಳ ಮತ್ತೆ ಸೋಯಾ ಹಿಂಡಿ. ಎಳೇ ಮರಿ ಮೇವಲ್ಲಿ ಪ್ರೋಟೀನು ನೂರಕ್ಕೆ 23ರ ಹತ್ರ ಇರ್ತೈತೆ, ಕೊನೇ ಮೇವಿಗೆ 20ರ ಆಸುಪಾಸಿಗೆ ಇಳಿಸ್ತಾರೆ. ನಾವು ಅನ್ನಕ್ಕೆ ಬೇಳೆ ಸಾರು ಯಾಕೆ ಕಲಸ್ತೀವಿ? ಅಕ್ಕೀಲಿ ಲೈಸಿನ್ ಕಮ್ಮಿ, ಬೇಳೇಲಿ ಐತೆ. ಬೇಳೇಲಿ ಮೆಥಿಯೋನಿನ್ ಕಮ್ಮಿ, ಅಕ್ಕೀಲಿ ಐತೆ. ಕೋಳಿಗೂ ಜೋಳದ ಕೊರತೆ ಸೋಯಾ ತುಂಬ್ತೈತೆ, ಆದ್ರೂ ಮೆಥಿಯೋನಿನ್ ಸಾಲಲ್ಲ. ಅದಕ್ಕೆ ಬಿಳೀ ಪುಡಿ ಬೆರೆಸ್ತಾರೆ. ಜನ "ಕೆಮಿಕಲ್ಲು" ಅಂತ ಮೂಗು ಮುರಿಯೋದು ಇದಕ್ಕೇನೆ. ಇದು ವಿಷ ಅಲ್ಲ, ಪ್ರೋಟೀನಿನ ಒಂದು ತುಣುಕು. ಇದನ್ನ ಹದವಾಗಿ ಬೆರೆಸಿದ್ರೆ ಹಿಂಡಿ ಅತಿಯಾಗಿ ಸುರಿಯೋದು ತಪ್ತೈತೆ. ಪ್ರೋಟೀನು ಹೆಚ್ಚಾದ್ರೆ ಕೋಳಿ ಅದನ್ನ ಹಿಕ್ಕೇಲಿ ಹೊರಗೆ ಹಾಕ್ತೈತೆ, ನೆಲದ ಹೊಟ್ಟು ಒದ್ದೆಯಾಗಿ ಅಮೋನಿಯಾ ಎದ್ದು ನಮ್ ಕಣ್ಣೂ ಉರೀತೈತೆ, ಕೋಳಿ ಕಣ್ಣೂ ಉರೀತೈತೆ.

ಹೆದರಬೇಕಾದ್ದು ಬೇರೇನೇ ಐತೆ. ಅದರ ಹೆಸರು ಆಂಟಿಬಯಾಟಿಕ್. ಕಾಯಿಲೆ ಬಿದ್ದ ಕೋಳಿಗೆ ಡಾಕ್ಟ್ರು ಹೇಳಿದಷ್ಟು ದಿನ ಔಷಧಿ ಕೊಡೋದು ಬೇಡ ಅನ್ನಲ್ಲ. ಕಾಯಿಲೇನೇ ಇಲ್ದೆ, ತೂಕ ಬರ್ಲಿ ಅಂತ ದಿನಾ ಮೇವಲ್ಲಿ ಚಿಟಿಕೆ ಚಿಟಿಕೆ ಬೆರೆಸೋದೈತಲ್ಲ, ಅದು ತಪ್ಪು. ಅಷ್ಟಕ್ಕೆ ಸಾಯದೆ ಉಳಿದ ರೋಗಾಣು ಗಟ್ಟಿ ಆಗ್ತೈತೆ. ನಾಳೆ ಅದೇ ರೋಗಾಣು ನಮ್ಮ ಮೊಮ್ಮಗೂಗೆ ತಗುಲಿದ್ರೆ ಆಸ್ಪತ್ರೆ ಔಷಧಿ ನಾಟಲ್ಲ. ಯುರೋಪಿನ ದೇಶಗಳು ತೂಕಕ್ಕೆ ಅಂತ ಹಿಂಗೆ ಬೆರೆಸೋದನ್ನ 2006ರಲ್ಲೇ ನಿಲ್ಲಿಸಿದ್ವು. ಬೇರೆ ಯಾವ ಔಷಧೀನೂ ನಾಟದಾಗ ಡಾಕ್ಟ್ರು ಕೊನೇಗೆ ಕೈಗೆತ್ಕೊಳ್ಳೋ ಕೊಲಿಸ್ಟಿನ್ ಅನ್ನೋದನ್ನ ಕೋಳಿಗೆ ಕೊಡಬಾರ್ದು ಅಂತ ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಮಾಡ್ತು. ಒಳ್ಳೇದೇ ಆಯ್ತು. ಆದ್ರೆ ಒಂದು ಔಷಧಿ ನಿಲ್ಲಿಸಿದ್ರೆ ಸಾಲ್ದು, ಆ ಅಭ್ಯಾಸಾನೇ ನಿಲ್ಲಬೇಕು.

ಇದರಲ್ಲಿ ರೈತನ್ನ ಒಬ್ಬನ್ನೇ ಬೈದು ಫಲ ಇಲ್ಲ. ಗುತ್ತಿಗೆ ಸಾಕಾಣಿಕೇಲಿ ಮರಿ, ಮೇವು, ಔಷಧಿ ಎಲ್ಲಾ ಕಂಪ್ನೀದು. ಶೆಡ್ಡು, ಕರೆಂಟು, ದುಡಿಮೆ ನಮ್ದು. ಕೆಜಿಗೆ ಇಷ್ಟು ಅಂತ ಕೂಲಿ, ಮೇವು ಹೆಚ್ಚು ತಿಂದು ತೂಕ ಕಮ್ಮಿ ಬಂದ್ರೆ ಕೂಲೀಲೇ ಕಟ್. ಚೀಲದೊಳಗೆ ಏನೈತೆ ಅಂತ ನಿರ್ಧಾರ ಮಾಡೋದು ನಾವಲ್ಲ. ಅದಕ್ಕೇ ನನ್ನ ಮಾತು: ಚೀಲದ ಮೇಲೆ ಪ್ರೋಟೀನು ಎಷ್ಟು ಅಂತ ಬರೆದಂಗೆ, ಆಂಟಿಬಯಾಟಿಕ್ ಬೆರೆಸಿದ್ರೆ ಅದರ ಹೆಸರು, ಮಾರೋಕೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನೋದನ್ನೂ ಕನ್ನಡದಲ್ಲಿ ಬರೀಬೇಕು. ಶೆಡ್ಡು ನೋಡ್ಕೊಳ್ಳೋ ಹೆಂಗಸ್ರು ಸೂಪರ್‌ವೈಸರ್ ತಂದ ಪುಡೀನ ಸುಮ್ನೆ ನೀರಿಗೆ ಸುರೀಬ್ಯಾಡಿ, "ಇದೇನಣ್ಣ, ಯಾವ ಕಾಯಿಲೆಗೆ?" ಅಂತ ಕೇಳಿ. ಕೊಳ್ಳೋರು ಅಂಗಡೀಲಿ ಕೇಳಿ. ಇವತ್ತು ಉತ್ತರ ಸಿಗದೇ ಇರ್ಬೋದು, ಹತ್ತು ಜನ ಕೇಳಿದ್ರೆ ಮಾತು ಮೇಲಕ್ಕೆ ಹೋಗ್ತೈತೆ.

ಮನೇಲಿ ಮಾಡೋದು ಇಷ್ಟೇ. ಹಸೀ ಕೋಳಿನ ನಲ್ಲಿ ಕೆಳಗೆ ಹಿಡಿದು ಸುತ್ತೆಲ್ಲಾ ಸಿಡಿಸಬ್ಯಾಡಿ. ಅದನ್ನ ಕೊಯ್ದ ಮಣೇಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚಬ್ಯಾಡಿ. ಮೂಳೆ ಹತ್ರ ಕೆಂಪು ಹೋಗೋವರ್ಗೂ ಬೇಯಿಸಿ. ಮಗು ಬೇಗ ಮೈನೆರೆದ್ಲು ಅನ್ನೋ ಚಿಂತೆ ಇದ್ರೆ ಡಾಕ್ಟ್ರಿಗೆ ತೋರ್ಸಿ, ಆ ತಪ್ಪನ್ನ ಕೋಳಿ ತಲೇಗೆ ಕಟ್ಟಬ್ಯಾಡಿ. ಬೆಳೆಯೋ ಹೆಣ್ಮಗೀಗೆ ಪ್ರೋಟೀನು ಬೇಕು. ಕೋಳಿ ಮರಿಗೇ ನೂರಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಕೊಡೋ ಕಾಲ್ದಲ್ಲಿ, ನಮ್ಮ ಮಗೀಗೆ ಬರೀ ಸಾರು ಬಿಡೋದು ಯಾವ ನ್ಯಾಯ?