ಗಗನಚುಂಬಿಯ ನೆತ್ತಿಯೂ ನಡುವಣ ಬೀದಿಯೂ

ಇಡೀ ಊರನ್ನು ಒಂದೇ ಗೋಪುರದೊಳಗೆ ನಿಲ್ಲಿಸಿಬಿಡುವ ಕನಸು ವಾಸ್ತುಶಿಲ್ಪಿಗಳಿಗೆ ಹೊಸದಲ್ಲ. ಆದರೆ ಕಳೆದ ಎರಡು ದಶಕಗಳಲ್ಲಿ ಆ ಕನಸಿಗೆ ಒಂದು ನಿಶ್ಚಿತ ವೇಷ ಬಂದಿದೆ. ಇವೋಲೊ ನಿಯತಕಾಲಿಕೆ 2006ರಿಂದ ನಡೆಸುತ್ತಿರುವ ಗಗನಚುಂಬಿ ವಿನ್ಯಾಸ ಸ್ಪರ್ಧೆಯಂಥ ವೇದಿಕೆಗಳಲ್ಲಿ ಕಾಣಿಸಿಕೊಳ್ಳುವ ಪರಿಕಲ್ಪನಾ ಗೋಪುರಗಳು, ಎಂದರೆ ಕಟ್ಟುವ ಹೊಣೆ ಹೊರದೆ ಒಂದು ವಿಚಾರವನ್ನು ಮುಂದಿಡಲೆಂದೇ ರಚಿಸಿದ ನಕ್ಷೆಗಳು, ಹಲವು ಬಾರಿ ಎರಡು ಭರವಸೆಗಳನ್ನು ಜೊತೆಯಾಗಿ ನೀಡುತ್ತವೆ: ಕಟ್ಟಡ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ, ಅದರೊಳಗೆ ವಾಸಿಸುವವರು ಅಪರಿಚಿತರಾಗಿ ಉಳಿಯದೆ ಒಂದು ಸಮುದಾಯವಾಗುತ್ತಾರೆ. ಮೊದಲನೆಯದಕ್ಕೆ ಗಾಳಿಯಂತ್ರ, ಸೌರಫಲಕ. ಎರಡನೆಯದಕ್ಕೆ ತೂಗುತೋಟ, ಮಹಡಿಯ ಅಂಗಳ. ಎರಡನ್ನೂ ಒಡವೆಗಳಂತೆ ಗೋಪುರಕ್ಕೆ ತೊಡಿಸಿಬಿಡುವುದರಲ್ಲಿಯೇ ಈ ನಕ್ಷೆಗಳ ಮೂಲದೋಷವಿದೆ.

2008ರಲ್ಲಿ ವಾಸ್ತುಶಿಲ್ಪಿ ಡೇವಿಡ್ ಫಿಶರ್ ದುಬೈಗೆಂದು ಪ್ರಕಟಿಸಿದ ಎಂಬತ್ತು ಮಹಡಿಗಳ ತಿರುಗುವ ಗೋಪುರದಲ್ಲಿ ಮಹಡಿ ಮಹಡಿಗಳ ನಡುವೆ ಗಾಳಿಯಂತ್ರಗಳನ್ನು ಮಲಗಿಸಿ, ತನ್ನ ಬಳಕೆಯನ್ನು ಮೀರಿದ ವಿದ್ಯುತ್ತನ್ನು ಅದು ಕೊಡುವುದೆಂದು ಹೇಳಲಾಗಿತ್ತು. ಆ ಗೋಪುರ ನೆಲದಿಂದ ಮೇಲೇಳಲೇ ಇಲ್ಲ. ಕಟ್ಟಿ ಮುಗಿಸಿದವುಗಳಿಂದ ಕಲಿಯುವುದು ಹೆಚ್ಚಿದೆ. ಅದೇ ವರ್ಷ ಪೂರ್ಣಗೊಂಡ ಬಹರೇನ್ ವಿಶ್ವ ವ್ಯಾಪಾರ ಕೇಂದ್ರದ ಹಾಯಿಪಟದಾಕಾರದ ಜೋಡಿ ಗೋಪುರಗಳು ಕೊಲ್ಲಿಯ ಗಾಳಿಯನ್ನು ತಮ್ಮ ನಡುವಿನ ಸಂದಿಗೆ ತಿರುಗಿಸುತ್ತವೆ. ಅಲ್ಲಿನ ಸೇತುವೆಗಳ ಮೇಲೆ 29 ಮೀಟರ್ ವ್ಯಾಸದ ಮೂರು ಗಾಳಿಯಂತ್ರಗಳಿವೆ. ಇಷ್ಟೆಲ್ಲ ಮಾಡಿಯೂ ವಿನ್ಯಾಸಕಾರರು ನಿರೀಕ್ಷಿಸಿದ್ದು ಕಟ್ಟಡದ ಬಳಕೆಯ ಶೇ. 11ರಿಂದ 15ರಷ್ಟನ್ನು ಮಾತ್ರ. ಲಂಡನ್ನಿನಲ್ಲಿ 2010ರಲ್ಲಿ ಸಿದ್ಧವಾದ ಸ್ಟ್ರಾಟಾ ಎಂಬ ವಸತಿ ಗೋಪುರದ ನೆತ್ತಿಯ ಮೂರು ಯಂತ್ರಗಳಿಂದ ಶೇ. 8ರ ನಿರೀಕ್ಷೆಯಿತ್ತು, ಅವು ಬಹುಕಾಲ ತಿರುಗದೆ ನಿಂತು ನಗೆಪಾಟಲಿಗೀಡಾದವು. ಇದಕ್ಕೆ ಕಾರಣಗಳಿವೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ನಗರದ ಗಾಳಿಯಾದರೋ ಕಟ್ಟಡಗಳಿಗೆ ಬಡಿದು ಸುಳಿಸುಳಿಯಾಗಿ ಬರುವಂಥದು, ಯಂತ್ರದ ಸದ್ದೂ ಕಂಪನವೂ ನೇರವಾಗಿ ಕೆಳಗೆ ಮಲಗಿದವರ ಕೋಣೆಗೆ ಇಳಿಯುವಂಥವು.

ಸೌರಶಕ್ತಿಯ ಲೆಕ್ಕ ಇನ್ನೂ ಸರಳ. ಸಾವಿರ ಚದರ ಮೀಟರ್ ವಿಸ್ತಾರದ ನಲವತ್ತು ಮಹಡಿಗಳಿದ್ದು, ಮಹಡಿಗೆ ಎಂಟರಂತೆ 320 ಮನೆಗಳಿವೆ ಎಂದಿಟ್ಟುಕೊಂಡರೆ, ಮನೆಯೊಂದಕ್ಕೆ ತಿಂಗಳಿಗೆ 200 ಯೂನಿಟ್‌ನಂತೆ ವರ್ಷಕ್ಕೆ ಏಳೂವರೆ ಲಕ್ಷಕ್ಕೂ ಹೆಚ್ಚು ಯೂನಿಟ್ ಬೇಕು. ಚಾವಣಿಯ ಒಂದಿಂಚೂ ಬಿಡದೆ ಫಲಕ ಹಾಸಿದರೂ, ದಕ್ಷಿಣ ಭಾರತದ ಬಿಸಿಲಿನಲ್ಲಿ ದೊರೆಯುವುದು ಹೆಚ್ಚುಕಡಿಮೆ ಮೂರು ಲಕ್ಷ. ಲಿಫ್ಟು, ಪಂಪುಗಳ ಬಳಕೆ ಈ ಲೆಕ್ಕಕ್ಕೆ ಬಂದೇ ಇಲ್ಲ. ಅದೇ ಚಾವಣಿಯಡಿ ನಾಲ್ಕೇ ಮಹಡಿಗಳಿದ್ದರೆ ಅಲ್ಲಿನ 32 ಮನೆಗಳಿಗೆ ಬೇಕಾದುದರ ಸುಮಾರು ನಾಲ್ಕು ಪಟ್ಟು ವಿದ್ಯುತ್ ಸಿಕ್ಕೀತು. ಮಹಡಿಗಳು ಎಷ್ಟೇ ಬೆಳೆದರೂ ಚಾವಣಿ ಒಂದೇ ಎಂಬುದನ್ನು ಯಾವ ಚಿತ್ರಕಾರನ ಕೌಶಲವೂ ಬದಲಿಸಲಾರದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಚೇರಿ ಕಟ್ಟಡಗಳ ಬಗ್ಗೆ ಯೂನಿವರ್ಸಿಟಿ ಕಾಲೇಜ್ ಲಂಡನ್ ನಡೆಸಿದ ಅಧ್ಯಯನವೊಂದು, ಇಪ್ಪತ್ತು ಮಹಡಿಗಳನ್ನು ಮೀರಿದವುಗಳು ಆರು ಮಹಡಿಯೊಳಗಿನವುಗಳಿಗಿಂತ ಚದರ ಮೀಟರೊಂದಕ್ಕೆ ಸುಮಾರು ಎರಡೂವರೆ ಪಟ್ಟು ವಿದ್ಯುತ್ ಬಳಸುತ್ತವೆಂದು ತೋರಿಸಿತು. ಆದ್ದರಿಂದ ಎತ್ತರದ ಕಟ್ಟಡದ ಮುಂದಿರುವ ನಿಜವಾದ ಪ್ರಶ್ನೆ ಉತ್ಪಾದನೆಯದಲ್ಲ, ಬಳಕೆಯದು. ಬಳಕೆ ನಿರ್ಧಾರವಾಗುವುದು ನೆತ್ತಿಯ ಮೇಲಲ್ಲ, ಕಟ್ಟಡದ ಛೇದನಕ್ಷೆಯಲ್ಲಿ, ಅಂದರೆ ಅದನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ.

ಫ್ರಾನ್ಸಿನ ಮಾರ್ಸೇ ನಗರದಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1947 ಮತ್ತು 1952ರ ನಡುವೆ ಕಟ್ಟಿಸಿದ ಯುನಿತೆ ದಾಬಿತಾಸಿಯೋಂ ಇದಕ್ಕೆ ಅತ್ಯುತ್ತಮ ನಿದರ್ಶನ. ಅದು ಗಗನಚುಂಬಿಯಲ್ಲ, ಎರಡನೆಯ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆಂದು ಎದ್ದ, ಸುಮಾರು 1,600 ಜನರಿಗೆ 337 ಮನೆಗಳಿರುವ ಕಾಂಕ್ರೀಟಿನ ಉದ್ದನೆಯ ಕಟ್ಟಡ. ಅಲ್ಲಿ ಪ್ರತಿ ಮಹಡಿಗೂ ಓಣಿಯಿಲ್ಲ, ಮೂರು ಮಹಡಿಗೊಂದಿದೆ. ಎರಡು ಅಂತಸ್ತುಗಳ ಬಹುಪಾಲು ಮನೆಗಳು ಈ ಓಣಿಯ ಮೇಲೆ ಅಥವಾ ಕೆಳಗೆ ಹಾದು, ಕಟ್ಟಡದ ಪೂರ್ವದ ಮುಖದಿಂದ ಪಶ್ಚಿಮದ ಮುಖದವರೆಗೆ ಚಾಚಿಕೊಂಡಿರುವುದರಿಂದ ಎರಡೂ ಕಡೆಯ ಕಿಟಕಿಗಳ ನಡುವೆ ಗಾಳಿ ತಾನಾಗಿ ಆಡುತ್ತದೆ. ಮುಂದೆ ಚಾಚಿದ ಆಳವಾದ ಕಾಂಕ್ರೀಟ್ ಮೊಗಸಾಲೆಗಳು ಬೇಸಗೆಯ ಬಿಸಿಲನ್ನು ತಡೆಯುತ್ತವೆ. ದೀಪ ಉರಿಸಬೇಕಾದ ಓಣಿಗಳೂ ಲಿಫ್ಟು ನಿಲ್ಲಬೇಕಾದ ತಾಣಗಳೂ ಕಡಿಮೆಯಾದವು. ಅದೇ ಕಾರಣದಿಂದ ಒಂದೇ ಓಣಿಯಲ್ಲಿ ಓಡಾಡುವ ಮನೆಗಳ ಸಂಖ್ಯೆ ಹೆಚ್ಚಿ ಮುಖಪರಿಚಯವೂ ಹೆಚ್ಚಿತು. ಛೇದನಕ್ಷೆಯ ಒಂದೇ ಗೆರೆ ಶಕ್ತಿಯನ್ನೂ ಉಳಿಸುತ್ತದೆ, ನೆರೆಹೊರೆಯನ್ನೂ ಕೂಡಿಸುತ್ತದೆ. ಸೌರಫಲಕ ಬಳಕೆಗೆ ಬಂದಿರದ ಕಾಲದ ಈ ಕಟ್ಟಡ 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕಾರ್ಬುಸಿಯೆಯ ಎಲ್ಲ ಆಸೆಯೂ ಫಲಿಸಲಿಲ್ಲ. ಕಟ್ಟಡದ ನಡುಮಹಡಿಯಲ್ಲಿ ಆತ ಕಲ್ಪಿಸಿದ ಅಂಗಡಿಬೀದಿ ಅಂದುಕೊಂಡಷ್ಟು ಕಳೆಗಟ್ಟಲಿಲ್ಲ, ಚಾವಣಿಯ ಮೇಲಿನ ಶಿಶುಶಾಲೆ ಮಾತ್ರ ನಡೆದುಕೊಂಡು ಬಂತು. ಕಾರಣ ಊಹಿಸುವುದು ಕಷ್ಟವಲ್ಲ: ಸಾವಿರದ ಆರುನೂರು ಗಿರಾಕಿಗಳಿಂದ ಒಂದು ಪೇಟೆ ಬದುಕಲಾರದು, ಆದರೆ ಅಷ್ಟು ಜನರ ಮಕ್ಕಳಿಂದ ಒಂದು ಶಾಲೆ ಧಾರಾಳವಾಗಿ ತುಂಬುತ್ತದೆ. ಸಮುದಾಯಕ್ಕೆ ಜಾಗ ಬಿಟ್ಟರೆ ಸಾಲದು, ಅಲ್ಲಿಗೆ ದಿನವೂ ಹೋಗಲೇಬೇಕಾದ ಕೆಲಸವಿರಬೇಕು. ಇಂದಿನ ನಕ್ಷೆಗಳ ಮೂವತ್ತನೆಯ ಮಹಡಿಯ ತೂಗುತೋಟಗಳಲ್ಲಿ ಸುಮ್ಮನೆ ನಿಂತು ಸೂರ್ಯಾಸ್ತ ನೋಡುವವರೇ ಕಾಣುತ್ತಾರೆ. ಬಟ್ಟೆ ಒಣಹಾಕುವವರು ಒಬ್ಬರೂ ಇಲ್ಲ.

ಭಾರತದಲ್ಲಿ ಹವಾಮಾನದ ಪಾಠವನ್ನು ಚೆನ್ನಾಗಿ ಕಲಿತ ಗೋಪುರವೆಂದರೆ ಮುಂಬಯಿಯಲ್ಲಿ ಚಾರ್ಲ್ಸ್ ಕೊರಿಯಾ ರೂಪಿಸಿದ, 1983ರಲ್ಲಿ ಮುಗಿದ ಕಾಂಚನಜುಂಗಾ. ಆ ಊರಿನಲ್ಲಿ ತಂಗಾಳಿ ಬರುವುದು ಪಶ್ಚಿಮದಿಂದ, ಸುಡುವ ಬಿಸಿಲೂ ಮಳೆಯ ಹೊಡೆತವೂ ಅದೇ ದಿಕ್ಕಿನಿಂದ. ಹಳೆಯ ಬಂಗಲೆಗಳು ಸುತ್ತ ಜಗಲಿ ಇಟ್ಟು ಈ ಇಕ್ಕಟ್ಟನ್ನು ಬಿಡಿಸಿಕೊಂಡಂತೆ ಕೊರಿಯಾ ಗೋಪುರದ ಮೂಲೆಗಳನ್ನು ಕೊರೆದು ಎರಡು ಮಹಡಿ ಎತ್ತರದ ತೆರೆದ ತಾರಸಿಗಳನ್ನು ಇಟ್ಟರು. ಆದರೆ 28 ಮಹಡಿಗಳಲ್ಲಿರುವುದು ಸಿರಿವಂತರ 32 ಮನೆಗಳು, ತಾರಸಿಗಳೆಲ್ಲ ಖಾಸಗಿ. ಬೆಂಗಳೂರಿನಲ್ಲಿ ಈಗ ಏಳುತ್ತಿರುವ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಆ ತಾರಸಿಯೂ ಅಪರೂಪ. ಹಂಚಿಕೊಂಡ ಜಾಗದ ಪ್ರಸ್ತಾಪ ಬರುವುದು ಅದರ ಪಾಲನ್ನೂ ಮನೆಯ ವಿಸ್ತೀರ್ಣಕ್ಕೆ ಸೇರಿಸುವ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ಬೆಲೆ ಏರಿಸುವಾಗ, ಆಮೇಲೆ ತಿಂಗಳ ಮೇಂಟೆನೆನ್ಸ್ ಕಟ್ಟುವಾಗ. ಪರಿಕಲ್ಪನಾ ಸ್ಪರ್ಧೆಗಳ ತೀರ್ಪುಗಾರರು ಮೋಹಕ ಚಿತ್ರಗಳ ಜೊತೆಗೆ ಒಂದು ಛೇದನಕ್ಷೆಯನ್ನೂ, ಇಪ್ಪತ್ತನೆಯ ಮಹಡಿಯ ಅಂಗಳದ ದೀಪ, ನೀರು, ಲಿಫ್ಟಿನ ಖರ್ಚನ್ನು ಮೂರನೆಯ ಮಹಡಿಯವರು ಏಕೆ ಕೊಡಬೇಕೆಂಬ ವಿವರಣೆಯನ್ನೂ ಕೇಳತೊಡಗಿದರೆ, ಗಾಳಿಯಂತ್ರ ಹೊತ್ತ ಎಷ್ಟೋ ಗೋಪುರಗಳು ಮೊದಲ ಸುತ್ತಿನಲ್ಲಿಯೇ ಹೊರಗುಳಿದಾವು.