ಸದ್ದಡಗಿದ ಟ್ಯಾಪೆಟ್

ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ದಿನವೂ ಓಡಾಡುವ ಹಳೆಯ ಅಂಬಾಸಡರ್ ಒಂದಿದೆ ಎಂದಿಟ್ಟುಕೊಳ್ಳೋಣ. ಅಜ್ಜ ಕೊಂಡದ್ದು, ತಂದೆ ಓಡಿಸಿದ್ದು. ಈಗ ಡಿಪ್ಲೊಮಾ ಓದುವ ಮಗನ ಕಣ್ಣು ಅದರ ಮೇಲೆ. ವರ್ಷಗಟ್ಟಲೆ ಟಕಟಕ ಎನ್ನುತ್ತಿದ್ದ ಎಂಜಿನ್ ಈಚೆಗೆ ಮೆತ್ತಗಾಗಿದೆ. ಸದ್ದು ಹೋಯಿತಲ್ಲ ಎಂದು ತಂದೆಗೆ ಸಮಾಧಾನ. ಆದರೆ ಗಾಡಿ ನಿಂತಲ್ಲಿ ಎಂಜಿನ್ ಕುಂಟುತ್ತದೆ, ಏರಿನಲ್ಲಿ ಬಲ ಸಾಲದು. ಹೆಚ್ಚು 'ಪಿಕಪ್' ಕೊಡುವ ಕ್ಯಾಮ್‌ಶಾಫ್ಟನ್ನೂ ಬಿಗಿ ಸ್ಪ್ರಿಂಗುಗಳನ್ನೂ ಹಾಕಿಸೋಣ ಎಂಬುದು ಮಗನ ಹಟ. ಗುಜರಿಗೆ ಕೊಟ್ಟುಬಿಡೋಣ ಎಂಬುದು ತಂದೆಯ ಮಾತು. ಇಬ್ಬರದೂ ಆತುರವೇ.

ಅಂಬಾಸಡರ್ ಕಾರಿಗೆ ಮೊದಮೊದಲು ಸೈಡ್ ವಾಲ್ವ್ ಎಂಜಿನ್ ಇತ್ತು. ಬಳಿಕ ಬಂದ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ 'ಬಿ' ಸರಣಿಯದು. ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲಿದೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ಮೇಲಿನ ರಾಕರನ್ನು ಏತದಂತೆ ಬಗ್ಗಿಸಿ ವಾಲ್ವನ್ನು ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. (ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳಿಗೆ ಈ ತಾಪತ್ರಯವೇ ಇರಲಿಲ್ಲ, ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಅವಕ್ಕೆ ಇಂಥ ವಾಲ್ವುಗಳೇ ಇಲ್ಲ.) ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ 1500 ಸುತ್ತು. ಅಂದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅರ್ಧ ಗಂಟೆಯ ಪ್ರಯಾಣಕ್ಕೆ 45,000 ಸಲ!

ಇನ್ನು ಸದ್ದಿನ ವಿಷಯ. ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಆ ಸಂದಿನದೇ ಟಕಟಕ ಸದ್ದು. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಉರಿದಾಗ ಉಳಿಯುವ ತೆಳು ಲೇಪ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟನ್ನು ಕಾಪಾಡುತ್ತಿತ್ತು. ಸೀಸ ಆರೋಗ್ಯಕ್ಕೆ ವಿಷ, ಹೋದದ್ದು ಒಳ್ಳೆಯದೇ. ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. 2000ದ ಫೆಬ್ರುವರಿಯಿಂದ ದೇಶವಿಡೀ ಅದೇ ಆಯಿತು. ಆದರೆ ಹಳೆಯ ಹೆಡ್ಡಿನಲ್ಲಿ ಬೇರೆ ಸೀಟು ಇಲ್ಲ, ಎರಕದ ಕಬ್ಬಿಣದಲ್ಲೇ ಕೊರೆದದ್ದು. ಲೇಪ ಇಲ್ಲದಾಗ ಕಾದ ವಾಲ್ವ್ ಆ ಕಬ್ಬಿಣಕ್ಕೆ ಕಣಕಣವಾಗಿ ಅಂಟಿ ಕಿತ್ತು ಬರುತ್ತದೆ. ಸೀಟು ಸವೆದಂತೆ ವಾಲ್ವ್ ಒಳಕ್ಕೆ ಇಳಿಯುತ್ತದೆ, ಮೇಲಿನ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಸಂದು ಪೂರ್ತಿ ಹೋದ ಮೇಲೆ ವಾಲ್ವ್ ಸರಿಯಾಗಿ ಕೂರಲಾರದು. ಬೆಂಕಿಯಂಥ ಅನಿಲ ಸೋರಿ ಅದರ ಅಂಚನ್ನೇ ಸುಡುತ್ತದೆ. ತಂದೆಗೆ ಸಮಾಧಾನ ತಂದ ಆ ಮೌನ ರೋಗದ ಲಕ್ಷಣ.

ಹೆಡ್ಡು ಬಿಚ್ಚುವ ಮೊದಲು ಒಂದು ಅಗ್ಗದ ಪರೀಕ್ಷೆಯುಂಟು. ಕಂಪ್ರೆಷನ್ ಗೇಜು ಹಾಕಿ ನಾಲ್ಕೂ ಸಿಲಿಂಡರುಗಳ ಒತ್ತಡ ನೋಡಬೇಕು. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ತಪ್ಪು ಪಿಸ್ಟನ್ ರಿಂಗಿನದು. ಏರದಿದ್ದರೆ ವಾಲ್ವ್ ಮೇಲೆ ಸಂಶಯ ಪಡಬೇಕು.

ವಾಲ್ವೇ ಕೆಟ್ಟಿದ್ದರೆ ಹಣ ಹಾಕಬೇಕಾದ ಜಾಗ ಎಕ್ಸಾಸ್ಟ್ ಬದಿ. ಲೇತಿನ ಕೆಲಸ ಬಲ್ಲವರಿಂದ ಹಳೆಯ ಸೀಟನ್ನು ಕೊರೆಸಿ, ಗಟ್ಟಿ ಲೋಹದ ಸೀಟು ಬಳೆ ಕೂರಿಸಬೇಕು. ಬಳೆ ಸಡಿಲಾದರೆ ಕಳಚಿ ಪಿಸ್ಟನ್ನನ್ನೇ ಒಡೆದೀತು. ಇಲ್ಲಿ ಚೌಕಾಶಿ ಬೇಡ. ಸೀಟಿನ ಅಗಲವೂ ಮುಖ್ಯ. ಮುಚ್ಚಿರುವ ಹೊತ್ತಿನಲ್ಲೇ ವಾಲ್ವ್ ತನ್ನ ಬಿಸಿಯನ್ನು ಸೀಟಿನ ಮೂಲಕ ಹೆಡ್ಡಿಗೆ ದಾಟಿಸುವುದು. ಸೀಟು ತೀರ ಕಿರಿದಾದರೆ ಹೊಸ ವಾಲ್ವೂ ಸುಡುತ್ತದೆ. ಸವೆದ ಗೈಡಿನಲ್ಲಿ ಹೊಸ ವಾಲ್ವ್ ಹಾಕುವುದೂ ದಂಡ, ಅದು ಓಲಾಡುತ್ತ ಸೀಟನ್ನು ಕೆಡಿಸುತ್ತದೆ.

ಮಗನ ಬಿಗಿ ಸ್ಪ್ರಿಂಗು? ರೇಸಿನ ಗಾಡಿಗೆ ಅದು ಬೇಕು, ಅತಿ ವೇಗದಲ್ಲೂ ವಾಲ್ವ್ ಕ್ಯಾಮನ್ನು ಬಿಟ್ಟು ಹಾರಬಾರದಲ್ಲ. ಧಾರವಾಡದ ದಾರಿಯಲ್ಲಿ ಆ ವೇಗ ಎಲ್ಲಿ ಬರಬೇಕು? ಬಿಗಿ ಹೆಚ್ಚಿದಷ್ಟೂ ಕ್ಯಾಮಿನ ಮೂಗು ಮತ್ತು ಟ್ಯಾಪೆಟ್ಟಿನ ತಳ ಬೇಗ ಸವೆಯುತ್ತವೆ. ಕಂಪನಿಯ ಮೂಲ ಅಳತೆಯ ಸ್ಪ್ರಿಂಗೇ ಸಾಕು. ಕ್ಯಾಮ್ ಬದಲಿಸಲೇಬೇಕಾದರೆ ಎಂಟೂ ಟ್ಯಾಪೆಟ್ ಹೊಸದಾಗಿರಲಿ. ಹಳೆಯ ಟ್ಯಾಪೆಟ್ ಹಳೆಯ ಉಬ್ಬಿಗೆ ಹೊಂದಿಕೊಂಡು ಸವೆದಿರುತ್ತದೆ, ಹೊಸದನ್ನು ಕೆಲವೇ ದಿನಗಳಲ್ಲಿ ತಿಂದುಹಾಕೀತು. ಹೊಸ ಕ್ಯಾಮಿಗೆ ಮಾಲಿಬ್ಡಿನಮ್ ಲೇಪ ಹಚ್ಚಿ ಕೂರಿಸಬೇಕು. ಮೊದಲ ಸಲ ಚಾಲೂ ಮಾಡಿದಾಗ ಸುಮಾರು 20 ನಿಮಿಷ 2000 ಸುತ್ತಿನಲ್ಲಿ ಓಡಿಸಬೇಕು. ನಿಧಾನ ಓಟದಲ್ಲಿ ಕ್ಯಾಮಿಗೆ ಸಾಕಷ್ಟು ಎಣ್ಣೆ ಎರಚುವುದಿಲ್ಲ.

ಎಣ್ಣೆಯಲ್ಲೂ ಒಂದು ಮೋಸವಿದೆ. ದುಬಾರಿಯದೇ ಒಳ್ಳೆಯದೆಂದು ಹೊಸ ಕಾರುಗಳ ತೆಳು ಎಣ್ಣೆ ತರುವವರುಂಟು. ಹೊಸ ಕಾರಿನ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಕೆಡಬಾರದೆಂದು ಅದರಲ್ಲಿ ಸತು-ರಂಜಕದ ಅಂಶ ಇಳಿಸಿದ್ದಾರೆ. 2004ರ 'ಎಸ್‌ಎಂ' ದರ್ಜೆಯಿಂದೀಚೆಗೆ ತೆಳು ಎಣ್ಣೆಗಳಲ್ಲಿ ರಂಜಕ ಶೇ 0.08 ಮೀರುವಂತಿಲ್ಲ. ಉಜ್ಜುವ ಟ್ಯಾಪೆಟ್ಟಿಗೆ ರಕ್ಷಣೆ ಕೊಡುವುದು ಅದೇ ಅಂಶ. ಹಳೆಯ ಎಂಜಿನ್ನಿಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50ರಂಥ ಮಂದ ಎಣ್ಣೆಯೇ ಮೇಲು.

ಇಷ್ಟೆಲ್ಲ ಆದ ಮೇಲೆ ಮಗನಿಗೆ ಮನೆಯಲ್ಲೇ ಮಾಡಬಹುದಾದ ಕೆಲಸ, ಸಂದು ಅಳೆಯುವುದು. ಇದಕ್ಕೊಂದು 'ಒಂಬತ್ತರ ಲೆಕ್ಕ' ಇದೆ. ಮುಂದಿನಿಂದ ಎಣಿಸಿ 8ನೇ ವಾಲ್ವ್ ಪೂರ್ತಿ ತೆರೆದಿರುವಾಗ 1ನೆಯದನ್ನು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು, 7 ತೆರೆದಾಗ 2ನ್ನು ಹೊಂದಿಸಬೇಕು. ಎರಡರ ಮೊತ್ತ ಯಾವಾಗಲೂ 9. ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜಿನ ತಗಡು ಗುಳಿಯ ಮೇಲೆ ಸೇತುವೆಯಂತೆ ನಿಂತು ಸುಳ್ಳು ಅಳತೆ ಕೊಡುತ್ತದೆ. ಮೊದಲು ರಾಕರ್ ರಿಪೇರಿ ಆಗಲಿ. ಎಂಟೂ ಅಳತೆಗಳನ್ನು ತಾರೀಖು, ಕಿಲೋಮೀಟರ್ ಸಹಿತ ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ವಾಲ್ವಿನ ಸಂದು ಪ್ರತಿ ಸಲವೂ ಕಿರಿದಾಗುತ್ತಿದ್ದರೆ ಆ ಸೀಟು ಮತ್ತೆ ಇಳಿಯುತ್ತಿದೆ, ಹೆಡ್ಡು ಇಳಿಸಲು ಮಿಸ್ತ್ರಿಗೆ ಹೇಳಿಕಳಿಸಬೇಕು.