ತಾರಸಿಯ ಮೇಲೊಂದು ತಂತಿ

ಬೆಲೆಬಾಳುವ ಯಂತ್ರವಿದ್ದವರಿಗೆ ಮಾತ್ರ ಹವ್ಯಾಸಿ ರೇಡಿಯೋ ಸಾಧ್ಯವೆಂದು ನಮ್ಮಲ್ಲಿ ಹಲವರು ಭಾವಿಸಿರುವರು. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಯಂತ್ರವನ್ನು ಕೊಳ್ಳಬಹುದು, ಏರಿಯಲ್ಲನ್ನು ಕೈಯಾರೆ ಕಟ್ಟಿಯೇ ಕಲಿಯಬೇಕು.

7.1 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 42 ಮೀಟರು. ಇದರ ಮೇಲೆ ಹಗಲು ಬೆಂಗಳೂರಿನ ಮಾತು ಕೇಳಿಬರಬಹುದು, ಇರುಳು ಹೊರದೇಶದ್ದೂ. ಬೇಕಾದುದು ಅದರ ಅರ್ಧಕ್ಕೆ ತುಸು ಕಡಮೆ, ಎಂದರೆ 20 ಮೀಟರು ತಾಮ್ರದ ತಂತಿ. ಅದನ್ನು ನಡುವೆ ತುಂಡರಿಸಿ ಕೇಬಲ್ಲಿಗೆ ಸೇರಿಸಬೇಕು. ಹೈದರಾಬಾದಿನ ಇಕ್ಕಟ್ಟಾದ ತಾರಸಿಗಳಲ್ಲಿ ಅಷ್ಟು ಸ್ಥಳವೆಲ್ಲಿ? ನಡುವನ್ನು ಬಿದಿರ ಗಳುವಿಗೇರಿಸಿ ಎರಡು ತೋಳುಗಳನ್ನು ಇಳಿಬಿಟ್ಟರಾಯಿತು. ತಂತಿಯನ್ನು ಮೊದಲು ತುಸು ಉದ್ದವಾಗಿಯೇ ಇಟ್ಟು, ಪರೀಕ್ಷಿಸುತ್ತ ಎರಡೂ ಕಡೆ ಸಮನಾಗಿ ಕತ್ತರಿಸಬೇಕು. ಆತುರಗಾರನಿಗೆ ಇದೊಂದು ಪಾಠ. ವಿದ್ಯುತ್ ತಂತಿಯ ಸಮೀಪವಾಗಲಿ ಗುಡುಗಿನ ವೇಳೆಯಲ್ಲಾಗಲಿ ಈ ಕೆಲಸ ಸಲ್ಲದು.

ಇದು ಬರಿಯ ಆಟವಲ್ಲ. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಬಡಿದಾಗ, ಹವ್ಯಾಸಕ್ಕಾಗಿ ಅಲ್ಲಿಗೆ ಹೋಗಿದ್ದ ನಮ್ಮ ನಗರದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವು ದ್ವೀಪವಾಸಿಗಳ ಕ್ಷೇಮಸಮಾಚಾರವನ್ನು ಬಂಧುಗಳಿಗೆ ತಲುಪಿಸಿತು.

ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬಹುದು. ಅದಿಲ್ಲದೆ ಮಾತನಾಡಲಾಗದು, ಆದರೆ ಕಟ್ಟಿ ಕಲಿಯಲು ಅಡ್ಡಿಯೇನು? ನಮ್ಮ ಶಾಲೆಯ ತಾರಸಿಯ ಮೇಲೂ ಅಂತಹದೊಂದು ತಂತಿ ಏರಲೆಂಬುದೇ ನನ್ನ ಬಿನ್ನಹ.